ಅಟ್ಟದ ಹಲಸಿನ ಹಲಗೆಯಲ್ಲಿ ಬೇಸ್ ಗಿಟಾರ್: ಬಾಡಿ ಆಗುತ್ತೆ ಅಂದ್ಕೊಂಡಿದ್ದೀನಿ, ನೆಕ್‌ಗೆ ಯಾವ ಮರ?

ಅಟ್ಟದ ಹಲಗೆ (ಕುವೆಂಪುನಗರ, ಮೈಸೂರು)

ಎಲ್ಲರಿಗೂ ನಮಸ್ಕಾರ. ಪಾಂಡವಪುರದ ಹತ್ತಿರ ನಮ್ಮಜ್ಜಿ ಮನೆ ಕೆಡವಿದಾಗ ಅಟ್ಟಕ್ಕೆ ಹಾಸಿದ್ದ ಹಲಸಿನ ಹಲಗೆಗಳು ನನ್ನ ಪಾಲಿಗೆ ಬಂದಿವೆ. ದಪ್ಪ ಎರಡು ಇಂಚು, ಅಗಲ ಒಂದಡಿಗೆ ಸ್ವಲ್ಪ ಕಮ್ಮಿ, ಉದ್ದ ಆರಡಿ. ಒಂದು ತುದಿ ತೋಪಡ ಹೊಡೆದು ನೋಡಿದೆ, ಒಳಗೆ ಅರಿಶಿನ ಬಣ್ಣ ಇನ್ನೂ ಹಾಗೇ ಇದೆ. ಇದರಲ್ಲಿ 4 ತಂತಿಯ ಎಲೆಕ್ಟ್ರಿಕ್ ಬೇಸ್ ಮಾಡಬೇಕು ಅಂತ ಆಸೆ. 34 ಇಂಚು ಸ್ಕೇಲ್ (ತಂತಿ ಮಿಡಿಯೋ ಉದ್ದ), ಬೋಲ್ಟ್ ಹಾಕೋ ನೆಕ್ (ಕೈಯಲ್ಲಿ ಹಿಡಿಯೋ ಉದ್ದ ಕಡ್ಡಿ), ಫೆಂಡರ್ ಕಂಪನಿಯ ಪ್ರೆಸಿಷನ್ ಬೇಸ್ ಮಾದರಿಯ ಒಂದೇ ಪಿಕಪ್ (ತಂತಿಯ ಕಂಪನ ಹಿಡಿಯೋ ಸುರುಳಿ).

ಕಾರ್ ನಿಲ್ಲಿಸೋ ಜಾಗದಲ್ಲೇ ಬೆಂಚು ಹಾಕಿಕೊಂಡಿದ್ದೀನಿ. ರೂಟರ್, ಜಿಗ್ ಸಾ, ಡ್ರಿಲ್ ಸ್ಟ್ಯಾಂಡ್, ಕೈ ತೋಪಡ, ಒಂದಷ್ಟು ಉಳಿ ಇವೆ. ಟೀಪಾಯಿ, ಪುಸ್ತಕದ ಕಪಾಟು ಮಾಡಿ ಅಭ್ಯಾಸ ಇದೆ, ವಾದ್ಯ ಇದೇ ಮೊದಲು.

ಕೇಳೋದು ಇಷ್ಟು. ಹಲಸಿನ ಬಾಡಿಗೆ ನಾದ ಹೇಗೆ? ಅದೇ ಮರದಲ್ಲಿ ನೆಕ್ ಕೂಡ ಮಾಡಬಹುದಾ? ಪಿಕಪ್ ಮನೇಲೇ ಸುತ್ತಬಹುದಾ?

ಕಂತಿನ ಗಿರಾಕಿ (ವಿಜಯನಗರ 2ನೇ ಹಂತ)

ಬ್ರದರ್, ಬೇಜಾರ್ ಮಾಡ್ಕೋಬೇಡಿ. ಟ್ಯೂನರ್, ಬ್ರಿಡ್ಜ್ (ತಂತಿಯ ಕೆಳತುದಿ ಕೂರೋ ಭಾಗ), ಪಿಕಪ್, ಟ್ರಸ್ ರಾಡ್ (ನೆಕ್ ಒಳಗಿನ ಉಕ್ಕಿನ ಸರಳು), ಫ್ರೆಟ್ ತಂತಿ (ನೆಕ್ ಮೇಲಿನ ಮೆಟ್ಟಿಲು), ಇಷ್ಟು ಬಿಡಿಬಿಡಿಯಾಗಿ ತರಿಸಿದರೇನೇ ಒಂದು ಸಾಧಾರಣ ಫ್ಯಾಕ್ಟರಿ ಬೇಸ್‌ನ ದುಡ್ಡು ಆಗುತ್ತೆ. ಮರ ಬಿಟ್ಟಿ ಸಿಕ್ತು ಅಂತ ಇಳಿದರೆ ಜೇಬು ಖಾಲಿ. ಸೆಕೆಂಡ್ ಹ್ಯಾಂಡ್ ಒಂದು ತಗೊಂಡು ನುಡಿಸಿ.

ಅಟ್ಟದ ಹಲಗೆ

ನುಡಿಸೋಕೆ ಒಂದು ಇದೆ ಸಾರ್. ಇದು ಮಾಡೋದಕ್ಕೆ.

ಉಳಿ ಬಾಚಿ (ಮಂಡ್ಯ)

ಅಣ್ಣ, ನಮ್ದು ತಲೆತಲಾಂತರದ ಆಚಾರ್ ಕೆಲ್ಸ. ಗಿಟಾರು ಮಾಡಿಲ್ಲ, ಆದ್ರೆ ಮರ ಗೊತ್ತು. ಅಟ್ಟದ್ ಹಲಸು ಅಂದ್ರೆ ಒಣಗಿ ಒಣಗಿ ಇನ್ನು ಅಲ್ಲಾಡಂಗಿಲ್ಲ ಅನ್ನೋ ಸ್ಥಿತಿಗೆ ಬಂದದೆ. ಅದೇ ನಿಂಗೆ ದೊಡ್ಡ ಆಸ್ತಿ. ಈಗ ಸಾಮಿಲ್‌ಗೋಗಿ ಹಸಿ ಹಲಸು ಕುಯ್ಸಿ ತಂದ್ರೆ, ಒಂದಿಂಚು ದಪ್ಪಕ್ಕೆ ಒಂದ್ ವರ್ಸ ನೆಳ್ಳಲ್ಲಿ ಮಡಗಬೇಕು. ಎರಡಿಂಚಿಗೆ ಎರಡ್ ವರ್ಸ. ಯಾರ್ ಕಾಯ್ತಾರೆ?

ಆದ್ರೆ ಮೊದ್ಲು ಒಂದ್ ಕೆಲ್ಸ ಮಾಡು. ಸ್ಪೀಕರ್‌ನಿಂದ ಕಿತ್ತ ಅಯಸ್ಕಾಂತ ತಕೊಂಡು ಹಲಗೆ ಮೇಲೆಲ್ಲ ಆಡ್ಸು. ಹಳೇ ಮನೆ ಹಲಗೇಲಿ ಮೊಳೆ ಮುರ್ಕೊಂಡು ಒಳಗೇ ಕೂತಿರ್ತವೆ, ಕಣ್ಣಿಗ್ ಕಾಣಲ್ಲ. ರೂಟರ್ ಬ್ಲೇಡು ಅದಕ್ ತಗುಲ್ತು ಅಂದ್ರೆ ಬ್ಲೇಡೂ ಹೋಯ್ತು, ಕಣ್ಣೂ ಹೋದಾತು. ಕನ್ನಡಕ ಇಲ್ದೆ ಬೆಂಚ್ ಹತ್ರ ನಿಂತ್ಕಬೇಡ.

ತೂಕ ವಸಿ ಲೆಕ್ಕ ಹಾಕು. ಬಾಡಿ ಅಗಲ 13 ಇಂಚಾದ್ರೂ ಬೇಕು, ನಿನ್ ಹಲಗೆ ಒಂದಡಿಗೂ ಕಮ್ಮಿ, ಎರಡ್ ತುಂಡು ಜೋಡಿಸ್ಲೇಬೇಕು. ಜೋಡಣೆ ಗೆರೆ ನಡು ಮಧ್ಯಕ್ಕೇ ಬರಂಗೆ ಮಾಡು, ಆಮೇಲೆ ಅಳತೆಗೆಲ್ಲ ಅದೇ ಗೆರೆ ಆಧಾರ. ನೆಕ್‌ಗೂ ಅದೇ ಗೆರೆ, ಬ್ರಿಡ್ಜ್‌ಗೂ ಅದೇ ಗೆರೆ. ಅಂಚಿಂದ ಅಳೆಯಕ್ ಹೋಗ್ಬೇಡ, ಅಂಚು ಎಮರಿ ಉಜ್ಜಿದಂಗೆಲ್ಲ ಬದ್ಲಾಗ್ತದೆ.

ದಪ್ಪ ತಂತಿ (ಮಂಡ್ಯ, ಗುತ್ತಲು ರಸ್ತೆ)

ನಾನು ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸೋನು. ಗಣಪತಿ ಸೀಸನ್‌ನಲ್ಲಿ ರಾತ್ರಿ ನಾಲ್ಕು ಗಂಟೆ ಹೆಗಲ ಮೇಲೆ ಹೊತ್ತು ನಿಲ್ಲೋರಿಗೆ ನಾದಕ್ಕಿಂತ ಮೊದಲು ತೂಕ. ಉಳಿ ಬಾಚಿ ಅಣ್ಣ ಹೇಳಿದ ಲೆಕ್ಕ ನಾನು ಮುಗಿಸ್ತೀನಿ: ಪ್ರೆಸಿಷನ್ ಆಕಾರದ ಬಾಡಿ 45 ಮಿ.ಮೀ. ದಪ್ಪ ಇದ್ದರೆ ಹೆಚ್ಚೂಕಮ್ಮಿ 5 ಲೀಟರ್ ಮರ. ಒಣಗಿದ ಹಲಸು ಲೀಟರಿಗೆ 600 ಗ್ರಾಂ ಮೇಲೇ ತೂಗುತ್ತೆ, ಅಂದ್ರೆ ಬಾಡಿಯೇ 3 ಕೆಜಿ. ಅಮೆರಿಕದವರು ಬಳಸೋ ಆಲ್ಡರ್ ಸುಮಾರು 450 ಗ್ರಾಂ. ಮೇಲೆ ನೆಕ್, ಟ್ಯೂನರ್, ಬ್ರಿಡ್ಜ್ ಸೇರಿ ಐದು ಕೆಜಿ ಹತ್ತಿರ ಹೋದರೆ ಅದು ನುಡಿಸೋ ವಾದ್ಯ ಅಲ್ಲ, ಹೊರೋ ವಾದ್ಯ. ಒಳಗೆ ಟೊಳ್ಳು ಮಾಡಿ, ಮೇಲೆ 6 ಮಿ.ಮೀ. ಮುಚ್ಚಳ ಅಂಟಿಸಿ. ಬ್ರಿಡ್ಜ್ ಕೆಳಗೆ, ನೆಕ್ ಕೂರೋ ಕಡೆ, ನಡುಪಟ್ಟಿ ಮಾತ್ರ ಗಟ್ಟಿ ಉಳಿಸಿ.

ಇನ್ನೊಂದು. ಮೇಲಿನ ಕೊಂಬು 12ನೇ ಫ್ರೆಟ್ ತನಕ ಚಾಚಬೇಕು. ಅಲ್ಲಿ ಬೆಲ್ಟ್ ಗುಂಡಿ ಬಂದರೆ ವಾದ್ಯ ನೆಟ್ಟಗೆ ನಿಲ್ಲುತ್ತೆ. ಚೆಂದ ಕಾಣಲಿ ಅಂತ ಕೊಂಬು ಮೊಟಕು ಮಾಡಿದ್ರೆ ತಲೆ ನೆಲಕ್ಕೆ ಜಗ್ಗುತ್ತೆ, ಎಡಗೈ ಸ್ವರ ಒತ್ತೋದು ಬಿಟ್ಟು ಭಾರ ಎತ್ತಬೇಕಾಗುತ್ತೆ. ಬಾಡಿ ಹಗುರ ಮಾಡಿದಷ್ಟೂ ಈ ಕಾಟ ಹೆಚ್ಚು, ಅದಕ್ಕೆ ಹಗುರವಾದ ಟ್ಯೂನರ್ ತಗೊಳ್ಳಿ.

ನಾದ ಅಂತೀರಾ, ಬಾಡಿ ಮರದಿಂದ ಎಲೆಕ್ಟ್ರಿಕ್ ಬೇಸ್‌ಗೆ ಏನೂ ಬರಲ್ಲ. ಪ್ಲೈವುಡ್‌ನಲ್ಲಿ ಮಾಡಿದ್ದನ್ನೂ ನುಡಿಸಿದ್ದೀನಿ, ಜನ ಕುಣಿದರು.

ಸಾರಣೆ (ಸರಸ್ವತಿಪುರಂ, ಮೈಸೂರು)

ಏನೂ ಬರಲ್ಲ ಅನ್ನೋದು ಜಾಸ್ತಿ ಆಯ್ತು. ನಾನು ವೀಣೆಯವಳು. ತಂಜಾವೂರು ಕಡೆ ವೀಣೆ ಮಾಡೋದೇ ಹಲಸಿನಲ್ಲಿ. ನಮ್ಮಲ್ಲಿ ಬೀಟೆ ವೀಣೆಗಳೂ ಇವೆ. ಶೇಷಣ್ಣನವರ ಊರಲ್ಲಿ ಕೂತು ಮರಕ್ಕೆ ನಾದವೇ ಇಲ್ಲ ಅಂದರೆ ಹೇಗೆ ಒಪ್ಪಲಿ?

ಆದರೆ ನ್ಯಾಯವಾಗಿ ಹೇಳಬೇಕು. ವೀಣೆಯಲ್ಲಿ ಕೇಳಿಸೋದು ಕೊಡದ ಮರ ಮತ್ತು ಅದರೊಳಗಿನ ಗಾಳಿ. ಕುದುರೆಯ (ನಿಮ್ಮ ಬ್ರಿಡ್ಜ್ ಇದ್ದ ಹಾಗೆ) ಮೂಲಕ ತಂತಿಯ ಕಂಪನ ಮರಕ್ಕಿಳಿದು ಮರವೇ ಹಾಡಬೇಕು. ನಿಮ್ಮ ಬೇಸ್‌ನಲ್ಲಿ ಪಿಕಪ್ ನೋಡೋದು ಉಕ್ಕಿನ ತಂತಿಯನ್ನು ಮಾತ್ರ, ಮರ ಅದಕ್ಕೆ ಕಾಣೋದೇ ಇಲ್ಲ. ಹಾಗಾಗಿ ಮರದ ಕೆಲಸ ಬೇರೆ: ತಂತಿಯ ಶಕ್ತಿಯನ್ನು ಕದಿಯದೆ ಸುಮ್ಮನೆ ನಿಲ್ಲೋದು. ಎಲ್ಲಿ ಕದಿಯುತ್ತೆ ಅಂತ ಹುಡುಕಿದರೆ ಅದು ದಪ್ಪ ಬಾಡಿ ಅಲ್ಲ, ಸಣ್ಣಗೆ ಉದ್ದಕ್ಕಿರೋ ನೆಕ್. ಬೇಸ್ ನುಡಿಸೋರು ಜಿ ತಂತಿಯಲ್ಲಿ 5ರಿಂದ 7ನೇ ಫ್ರೆಟ್ ಹತ್ತಿರ ಸ್ವರ ಬೇಗ ಸಾಯುತ್ತೆ ಅಂತಾರಲ್ಲ, ಅದು ನೆಕ್ ತಾನೂ ಅದೇ ಶ್ರುತಿಯಲ್ಲಿ ಅಲುಗಾಡಿ ತಂತಿಯ ಬಲ ಹೀರೋದರಿಂದ.

ದಪ್ಪ ತಂತಿ

ಮೇಡಂ, ಆ ಸತ್ತ ಜಾಗ ನನ್ನ ಬೇಸ್‌ನಲ್ಲೂ ಇದೆ, 5ನೇ ಫ್ರೆಟ್. ಇದಕ್ಕೆ ಒಪ್ತೀನಿ. ನೆಕ್ ತುದಿಯ ಹೆಡ್‌ಸ್ಟಾಕ್‌ಗೆ ಸಣ್ಣ ಕ್ಲಾಂಪ್ ಒಂದನ್ನ ಕಚ್ಚಿಸಿದ್ರೆ ಆ ಜಾಗ ಪಕ್ಕಕ್ಕೆ ಸರಿಯುತ್ತೆ, ಪೂರ್ತಿ ಹೋಗಲ್ಲ.

ತಾಮ್ರದ ಎಳೆ (ಹೆಬ್ಬಾಳ, ಮೈಸೂರು)

ನೆಕ್ ಚರ್ಚೆ ಶುರುವಾಗಿದ್ದು ಒಳ್ಳೇದಾಯ್ತು. ಎಲ್ಲರೂ ಬಾಡಿಗೆ ಯಾವ ಮರ ಅಂತ ಕೇಳ್ತಾರೆ, ಕಷ್ಟ ಇರೋದು ಅಲ್ಲಲ್ಲ. 0.045ರಿಂದ 0.105 ಇಂಚು ದಪ್ಪದ ಮಾಮೂಲಿ ತಂತಿ ಸೆಟ್ ಹಾಕಿ ಶ್ರುತಿ ಮಾಡಿದರೆ ನಾಲ್ಕೂ ತಂತಿ ಸೇರಿ ಸುಮಾರು 75ರಿಂದ 80 ಕೆಜಿ ಎಳೆತ. ಒಬ್ಬ ದೊಡ್ಡ ಮನುಷ್ಯನ ತೂಕ ಹಗಲೂ ರಾತ್ರಿ ಆ ಕಡ್ಡಿಯನ್ನು ಬಗ್ಗಿಸ್ತಾ ಇರುತ್ತೆ.

ಯಾವ ಮರ ಅನ್ನೋದಕ್ಕಿಂತ ಎಷ್ಟು ದಪ್ಪ ಅನ್ನೋದು ಹೆಚ್ಚು ಮುಖ್ಯ. ಬಿಗಿತ ದಪ್ಪದ ಘನಕ್ಕೆ ತಕ್ಕಂತೆ ಏರುತ್ತೆ. 20 ಮಿ.ಮೀ. ನೆಕ್ ಬದಲು 22 ಮಾಡಿದರೆ ಬಿಗಿತ ಮೂರನೇ ಒಂದರಷ್ಟು ಹೆಚ್ಚು. ಅಷ್ಟು ವ್ಯತ್ಯಾಸ ಮರ ಬದಲಾಯಿಸಿ ತರಬೇಕು ಅಂದರೆ ಹುಡುಕಾಟ ಮುಗಿಯಲ್ಲ. ಗಟ್ಟಿ ಮೇಪಲ್‌ಗೂ ನಮ್ಮ ತೇಗಕ್ಕೂ ಬಿಗಿತ ಹತ್ತಿರ ಹತ್ತಿರ, ಎರಡೂ 12 ಗಿಗಾಪಾಸ್ಕಲ್ ಆಸುಪಾಸು. ಮೇಪಲ್ ಬೇಕು ಅಂತ ಆಮದು ಮರದ ಹಿಂದೆ ಓಡಬೇಕಾಗಿಲ್ಲ.

ಹಲಸಿನ ನೆಕ್ ಬೇಡ. ಅದರ ನಾರು ಅಡ್ಡಾದಿಡ್ಡಿ ಹೆಣೆದುಕೊಂಡಿರುತ್ತೆ, ತೋಪಡ ಹೊಡೆದಾಗ ಕಿತ್ತು ಬರೋದು ನೋಡಿರ್ತೀರಿ. ಬಾಡಿಗೆ ಪರವಾಗಿಲ್ಲ, ಉದ್ದ ಕಡ್ಡಿಗೆ ನಾರು ನೇರ ಇರಬೇಕು.

ಉಳಿ ಬಾಚಿ

ಸರಿಯಾಗ್ ಯೋಳುದ್ರಿ ಸಾರ್. ತೇಗದ ಚೇಗು ತಕೊ ಅಣ್ಣ, ಹೊರಗಿನ ಬಿಳೀದು ಬೇಡ. ಹಳೇ ಮಂಚದ ಕಾಲು, ಕಿಟಕಿ ಚೌಕಟ್ಟು ಬಂಬೂ ಬಜಾರ್ ಕಡೆ ಹುಡುಕುದ್ರೆ ಸಿಕ್ತವೆ, ಅವು ಹೊಸ ಮರಕ್ಕಿಂತ ವಾಸಿ. ಒಂದೇ ತುಂಡಲ್ ಮಾಡ್ಬೇಡ. ಉದ್ದಕ್ ಮೂರ್ ಪಟ್ಟಿ ಸೀಳಿ, ನಡುಪಟ್ಟಿ ತಲೆಕೆಳಗ್ ಮಾಡಿ ಅಂಟ್ಸು. ಒಂದ್ ಪಟ್ಟಿ ಈ ಕಡೆ ಸೊಟ್ಟಗಾಗ್ತೀನಿ ಅಂದ್ರೆ ಪಕ್ಕದ್ದು ಬುಡಲ್ಲ. ಪಟ್ಟಿ ತುದಿ ನೋಡ್ದಾಗ ವರ್ಸದ ಗೆರೆ ನಿಂತಿರ್ಬೇಕು, ಮಲಗಿರ್ಬಾರ್ದು.

ತೇಗಕ್ಕೆ ಎಣ್ಣೆ ಜಾಸ್ತಿ, ಅಂಟು ಹಿಡಿಯಲ್ಲ ಅಂತಾರೆ. ಅಂಟ್ಸೋ ಮುಂಚೆ ಹೊಸದಾಗಿ ತೋಪಡ ಹೊಡ್ದು, ಬಟ್ಟೇಲಿ ಅಸಿಟೋನ್ ಅದ್ದಿ ಒರೆಸಿ, ಒಣಗ್ದೇಟ್ಗೆ ಅಂಟ್ಸು. ಸಂಜೆ ಒರೆಸಿ ಬೆಳಿಗ್ಗೆ ಅಂಟ್ಸುದ್ರೆ ಎಣ್ಣೆ ತಿರ್ಗಾ ಮೇಲಕ್ ಬಂದಿರ್ತದೆ.

ಅಟ್ಟದ ಹಲಗೆ

ತುಂಬ ಉಪಕಾರ. ಹಾಗಾದರೆ ನೆಕ್ ತೇಗದ ಮೂರು ಪಟ್ಟಿ. ಫಿಂಗರ್‌ಬೋರ್ಡ್‌ಗೆ (ನೆಕ್ ಮೇಲೆ ಫ್ರೆಟ್ ಕೂರೋ ಪಟ್ಟಿ) ಬೀಟೆ ಹಾಕೋ ಆಸೆ, ಮೈಸೂರಲ್ಲಿದ್ದು ಬೀಟೆ ಹಾಕದೆ ಇರೋದಾ?

ಸಾರಣೆ

ಹಾಕಿ, ಆದರೆ ಬಿಲ್ ಇರೋ ಮರವನ್ನೇ ಕೊಳ್ಳಿ. ಬೀಟೆ ಕಡಿಯೋದಕ್ಕೂ ಸಾಗಿಸೋದಕ್ಕೂ ಅರಣ್ಯ ಇಲಾಖೆ ಕಣ್ಣಿದೆ. ಮಂಡಿ ಮೊಹಲ್ಲಾದಲ್ಲಿ ಇನ್‌ಲೇ ಕೆಲಸ ಮಾಡೋರ ಹತ್ತಿರ ಸಣ್ಣ ತುಂಡುಗಳು ಇರುತ್ತವೆ. ಫಿಂಗರ್‌ಬೋರ್ಡ್‌ಗೆ ಬೇಕಾದ್ದು 6 ಮಿ.ಮೀ. ದಪ್ಪದ ಪಟ್ಟಿ ಅಷ್ಟೇ ತಾನೇ. ಅಲ್ಲಿಗೆ ಹೋದರೆ ಚುಕ್ಕೆಗಳನ್ನೂ ಅವರ ಕೈಲೇ ಕೂರಿಸಿಸಿ. ಆನೆ, ಅಂಬಾರಿ, ಹಳ್ಳಿ ದಾರಿ ಅಂತ ಎಷ್ಟೋ ಮರಗಳನ್ನು ಸೇರಿಸಿ ಚಿತ್ರ ಮಾಡೋರು ಅವರು, ನಿಮ್ಮ 3, 5, 7, 9ನೇ ಫ್ರೆಟ್‌ನ ಚುಕ್ಕೆ ಅವರಿಗೆ ಕೆಲಸವೇ ಅಲ್ಲ. ಮೈಸೂರು ಬೀಟೆ ಇನ್‌ಲೇಗೆ ಭೌಗೋಳಿಕ ಗುರುತಿನ ಪಟ್ಟಿಯಲ್ಲೂ ಜಾಗ ಇದೆ.

ತಾಮ್ರದ ಎಳೆ

ಬೀಟೆಗೆ ಪರ್ಯಾಯ ನಮ್ಮ ಕಾಡಿನ ಮತ್ತಿ. 2017ರ ಜನವರಿಯಲ್ಲಿ ಬೀಟೆ ಜಾತಿಯ ಮರಗಳನ್ನೆಲ್ಲ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ತಂದಾಗ ದೊಡ್ಡ ಗಿಟಾರ್ ಕಂಪನಿಗಳೇ ಕಡಿಮೆ ಬೆಲೆಯ ಮಾದರಿಗಳಿಗೆ 'ಇಂಡಿಯನ್ ಲಾರೆಲ್' ಹಾಕೋಕೆ ಶುರು ಮಾಡಿದವು. ಅದು ಬೇರೇನಲ್ಲ, ಮತ್ತಿಯೇ. ಸಿದ್ಧವಾದ ವಾದ್ಯಗಳಿಗೆ 2019ರ ನವೆಂಬರ್‌ನಲ್ಲಿ ವಿನಾಯಿತಿ ಸಿಕ್ತು, ಆದರೂ ಮತ್ತಿ ಉಳಿದುಕೊಂಡಿತು. ಬಾಗಿಲ ಚೌಕಟ್ಟಿಗೆ ಅಂತ ನಮ್ಮೋರು ಕೊಳ್ಳೋ ಮರ ಅದು. ಗಟ್ಟಿ, ಕಂದು ಬಣ್ಣ, ಕಪ್ಪು ಗೆರೆ. ಒಣಗೋವಾಗ ಸೀಳೋ ಚಾಳಿ ಇದೆ, ಅದಕ್ಕೆ ಹಳೇದೇ ತಗೊಳ್ಳಿ.

ಯಾವುದೇ ಆಗಲಿ, ಬೀಟೆ ಪುಡಿ ಮಾತ್ರ ಉಸಿರಿಗೆ ಬಿಡಬೇಡಿ. ಕೆಲವರಿಗೆ ಮೈಯೆಲ್ಲ ತುರಿಕೆ ಏಳುತ್ತೆ, ಒಮ್ಮೆ ಶುರುವಾದರೆ ಪ್ರತಿ ಸಲವೂ ಬರುತ್ತೆ. ಎನ್95 ಮಾಸ್ಕ್ ಹಾಕಿ.

ಫ್ರೆಟ್ ಲೆಕ್ಕ: ಸ್ಕೇಲ್ ಉದ್ದವನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್. 34 ಇಂಚು ಅಂದರೆ 863.6 ಮಿ.ಮೀ., ಹಾಗಾಗಿ ನಟ್‌ನಿಂದ (ತಲೆ ಕಡೆ ತಂತಿ ಕೂರೋ ಪಟ್ಟಿ) ಮೊದಲನೇದು 48.47, 5ನೇದು 216.63, 7ನೇದು 287.22, 12ನೇದು ಸರಿಯಾಗಿ ಅರ್ಧ 431.8, 20ನೇದು 591.58. ಎಲ್ಲವನ್ನೂ ನಟ್‌ನಿಂದಲೇ ಅಳೆಯಿರಿ. ಫ್ರೆಟ್‌ನಿಂದ ಫ್ರೆಟ್‌ಗೆ ಅಳೀತಾ ಹೋದರೆ ಕೂದಲೆಳೆ ತಪ್ಪು ಇಪ್ಪತ್ತು ಸಲ ಕೂಡಿಕೊಳ್ಳುತ್ತೆ.

ಸಾರಣೆ

ಇಲ್ಲೇ ನಿಮ್ಮ ವಾದ್ಯ ನಮ್ಮದಕ್ಕಿಂತ ಕಠಿಣ. ವೀಣೆಯ 24 ಮೆಟ್ಟಿಲು ಮೇಣದ ಮೇಲೆ ಕೂರುತ್ತವೆ, ಕಿವಿಯಲ್ಲಿ ಕೇಳ್ತಾ ಮೇಳ ಕಟ್ಟುತ್ತಾರೆ. ಹಳತಾಗಿ ಸ್ವರಸ್ಥಾನ ಸರಿದರೆ ಮೇಣ ಕಿತ್ತು ಮತ್ತೆ ಕಟ್ಟಿಸಬಹುದು. ಗಿಟಾರಿನಲ್ಲಿ ಗರಗಸ ಒಮ್ಮೆ ಇಳಿದರೆ ಇಳಿದದ್ದೇ. ಅದಕ್ಕೇ ಮೊದಲು ಬೇರೆ ಯಾವುದಾದರೂ ಪಟ್ಟಿಯ ಮೇಲೆ ಇಪ್ಪತ್ತೂ ಗೆರೆ ಕೊಯ್ದು ಅಳೆದು ನೋಡಿ, ಆಮೇಲೆ ಬೀಟೆ ಮುಟ್ಟಿ.

ಉಳಿ ಬಾಚಿ

ಅಕ್ಕ ಯೋಳಿದ್ದು ನೂರಕ್ಕೆ ನೂರು. ಕೊಯ್ಯೋ ಗರಗಸ ತೆಳ್ಳಗಿರ್ಬೇಕು, 0.6 ಮಿ.ಮೀ. ಗಿಂತ ಅಗಲ ಸೀಳಬಾರ್ದು, ಇಲ್ಲಾಂದ್ರೆ ಫ್ರೆಟ್ ತಂತಿ ಕಚ್ಚಲ್ಲ. ಹಲಗೆ ಚಪ್ಪಟೆ ಇದ್ದಾಗ್ಲೇ ಕೊಯ್ಕೊ, ಉಬ್ಬು ಕೊಡೋದು ಆಮೇಲೆ.

ಅಟ್ಟದ ಹಲಗೆ

ಟ್ರಸ್ ರಾಡ್ ಲೇತ್ ಅಂಗಡಿಯಲ್ಲಿ ಮಾಡಿಸಿಕೊಳ್ಳಬಹುದಾ? ಮೆಟಗಳ್ಳಿಯಲ್ಲಿ ಪರಿಚಯದವರಿದ್ದಾರೆ.

ತಾಮ್ರದ ಎಳೆ

ಮಾಡಿಸಬಹುದು, ಆದರೆ ಮೊದಲ ವಾದ್ಯಕ್ಕೆ ಎರಡೂ ಕಡೆ ಬಗ್ಗಿಸೋ ರಾಡ್ ಕೊಂಡುಬಿಡಿ. ಬೆಸುಗೆ ಒಳಗೆ ಬಿಟ್ಟುಕೊಂಡರೆ ಫಿಂಗರ್‌ಬೋರ್ಡ್ ಕಿತ್ತೇ ತೆಗೀಬೇಕು. ರಾಡ್ ಕೈಗೆ ಬಂದಮೇಲೆ ಅದನ್ನು ಅಳೆದು ಕಾಲುವೆ ಕೊರೆಯಿರಿ, ಅಂತರ್ಜಾಲದಲ್ಲಿ ಬರೆದ ಅಳತೆ ನಂಬಬೇಡಿ. ಕಾಲುವೆಯಲ್ಲಿ ರಾಡ್ ಅಲುಗಾಡಿದರೆ ಇ ತಂತಿ ನುಡಿಸಿದಾಗೆಲ್ಲ ಒಳಗೆ ಗಿರ್‌ ಅನ್ನುತ್ತೆ.

ಪಿಕಪ್ ವಿಷಯ. ಸುತ್ತಬಹುದು. 42 ಗೇಜ್ ತಾಮ್ರದ ತಂತಿ, ದಪ್ಪ 0.063 ಮಿ.ಮೀ. ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಇಷ್ಟು ಸಣ್ಣದು ಸಾಮಾನ್ಯವಾಗಿ ಇಟ್ಟಿರಲ್ಲ, ತರಿಸಿಕೊಡ್ತಾರೆ. ಸುತ್ತೋದು ಸಾವಿರಗಟ್ಟಲೆ, ಬೆರಳ ಬಿಗಿ ಸ್ವಲ್ಪ ಹೆಚ್ಚಾದರೂ ಪಟಕ್. ಹೊಲಿಗೆ ಯಂತ್ರದ ಮೋಟಾರಿಗೆ ಸುತ್ತೆಣಿಕೆ ಯಂತ್ರ ಕಟ್ಟಿಕೊಂಡರೆ ಸಲೀಸು.

ಪ್ರೆಸಿಷನ್ ಪಿಕಪ್ ಆರಿಸಿದ್ದು ಜಾಣತನ. 1951ರಲ್ಲಿ ಲಿಯೋ ಫೆಂಡರ್ ಆ ಬೇಸ್ ತಂದಾಗ ಅದರಲ್ಲಿ ಒಂಟಿ ಸುರುಳಿ ಇತ್ತು. 1957ರಲ್ಲಿ ಅದನ್ನು ಎರಡು ತುಂಡು ಮಾಡಿದರು. ಒಂದರ ಸುತ್ತೂ ಅಯಸ್ಕಾಂತದ ದಿಕ್ಕೂ ಇನ್ನೊಂದಕ್ಕೆ ಉಲ್ಟಾ. ತಂತಿಯ ಸದ್ದು ಉಳಿಯುತ್ತೆ, ಕರೆಂಟಿನ ಗುಂಯ್ ಸದ್ದು ಒಂದನ್ನೊಂದು ಹೊಡೆದು ಹೋಗುತ್ತೆ. ನಮಗೆ ಇದು ಇನ್ನೂ ಮುಖ್ಯ. ಇ ತಂತಿಯ 3ನೇ ಫ್ರೆಟ್‌ನ ಜಿ ಸ್ವರ 49 ಹರ್ಟ್ಜ್, ನಮ್ಮ ಮನೆ ಕರೆಂಟು 50. ಗುಂಯ್ ಅನ್ನೋದು ಇದ್ದರೆ ಆ ಸ್ವರ ಹಿಡಿದಾಗ ಸೆಕೆಂಡಿಗೊಮ್ಮೆ ಅಲೆ ಬಂದ ಹಾಗೆ ಏರಿಳಿಯುತ್ತೆ. ಅಮೆರಿಕದವರದು 60 ಹರ್ಟ್ಜ್, ಅವರಿಗೆ ಬಿ ಸ್ವರದ ಹತ್ತಿರ ತೊಂದರೆ.

ಬಾಡಿಯ ಗುಳಿಗಳಿಗೆ ಒಳಗೆಲ್ಲ ತಾಮ್ರದ ಹಾಳೆ ಅಂಟಿಸಿ, ಬ್ರಿಡ್ಜ್ ಕೆಳಗಿಂದ ಒಂದು ತಂತಿ ಎಳೆದು ಗ್ರೌಂಡ್‌ಗೆ ಸೇರಿಸಿ. ಆ ತೂತು ಕೊರೆಯೋದು ಬಣ್ಣ ಹೊಡೆಯೋ ಮೊದಲು. ವಾಲ್ಯೂಮ್, ಟೋನ್ ಎರಡೂ 250 ಕಿಲೋ ಓಮ್, ಕೆಪಾಸಿಟರ್ 0.047 ಮೈಕ್ರೋಫ್ಯಾರಡ್. ಮನೆ ಅರ್ತಿಂಗ್ ಸರಿ ಇಲ್ಲದಿದ್ದರೆ ಇದ್ಯಾವುದೂ ಕೆಲಸ ಮಾಡಲ್ಲ, ಮೊದಲು ಅದನ್ನ ನೋಡಿಸಿ.

ದಪ್ಪ ತಂತಿ

ಅರ್ತಿಂಗ್ ಮಾತು ಬರೆದಿದ್ದಕ್ಕೆ ಕೈ ಮುಗೀತೀನಿ. ಪೆಂಡಾಲ್ ಕೆಳಗೆ ಜನರೇಟರ್ ಹಾಕಿ, ಮೈಕ್ ತುಟಿಗೆ ತಾಗಿದ್ರೆ ಶಾಕ್ ಹೊಡೆಯೋ ಸ್ಟೇಜ್‌ಗಳಲ್ಲಿ ನಿಂತಿದ್ದೀವಿ ನಾವು.

ಕಂತಿನ ಗಿರಾಕಿ

ಓದ್ತಾ ಓದ್ತಾ ನನಗೂ ಆಸೆ ಬಂತು, ಅದು ಬೇರೆ ಮಾತು. ನನ್ನ ಮಗನಿಗೆ ಹತ್ತು ವರ್ಷ. ಅವನಿಗೆ 34 ಇಂಚು ದೊಡ್ಡದಾಗಲ್ವಾ? ಚಿಕ್ಕದು ಮಾಡೋದಾದ್ರೆ?

ತಾಮ್ರದ ಎಳೆ

30 ಇಂಚು ಮಾಡಿ, 762 ಮಿ.ಮೀ. ಮೊದಲ ಫ್ರೆಟ್ 42.77ಕ್ಕೆ ಬರುತ್ತೆ, ಪುಟ್ಟ ಬೆರಳಿಗೆ ಎಟುಕುತ್ತೆ. ಅದೇ ದಪ್ಪದ ತಂತಿ ಹಾಕಿದರೆ ಎಳೆತ ಸುಮಾರು ಶೇ. 22 ಕಮ್ಮಿ, ನೆಕ್ ಮೇಲೂ ಭಾರ ಕಮ್ಮಿ. ಇ ತಂತಿ ಸ್ವಲ್ಪ ಸಡಿಲ ಅನ್ನಿಸುತ್ತೆ, ಹುಡುಗರಿಗೆ ಅದೇ ಸುಖ. ನಿಜ ಹೇಳಬೇಕು ಅಂದರೆ ಮೊದಲ ಸಲ ಮಾಡೋ ಎಲ್ಲರೂ 30 ಇಂಚಿನದೇ ಮಾಡಬೇಕು ಅನ್ನೋದು ನನ್ನ ಅಭಿಪ್ರಾಯ, ಯಾರೂ ಕೇಳಲ್ಲ.

ಅರಗು (ಮಂಡಿ ಮೊಹಲ್ಲಾ, ಮೈಸೂರು)

ಪಾಲಿಷ್ ಬಗ್ಗೆ ಯಾರೂ ಬರೆದಿಲ್ಲ ಅಂತ ಬಂದೆ. ಹಲಸು ಬಿಸಿಲು ಕಂಡಂತೆಲ್ಲ ಹಳದಿಯಿಂದ ಜೇನು ಬಣ್ಣಕ್ಕೆ, ಆಮೇಲೆ ಕಂದಿಗೆ ತಿರುಗುತ್ತೆ. ಬಣ್ಣ ಹಚ್ಚಿ ಮುಚ್ಚಬೇಡಿ. ಅರಗಿನ ಫ್ರೆಂಚ್ ಪಾಲಿಷ್ ಸಾಕು. ಚುನಾವಣೆ ಶಾಯಿ ಮಾಡೋ ನಮ್ಮೂರ ಕಾರ್ಖಾನೆ 1937ರಲ್ಲಿ ಶುರುವಾದಾಗ ಅದರ ಹೆಸರಲ್ಲೇ ಅರಗು ಇತ್ತು: ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಕಾಡಿನ ಅರಗಿಗೆ ಅಷ್ಟು ಬೆಲೆ ಇದ್ದ ಊರು ಇದು.

ಅರಗಿನ ದೋಷ ಒಂದೇ, ಬೆವರಿಗೆ ನಿಲ್ಲಲ್ಲ. ಮುಂಗೈ ಒರಗೋ ಕಡೆ ಮಬ್ಬಾಗುತ್ತೆ. ಸ್ಟೇಜ್ ಮೇಲೆ ನುಡಿಸೋರಾದರೆ ಪಿಯು (ಪಾಲಿಯುರೆಥೇನ್) ಹೊಡೆಸಿ. ಲ್ಯಾಕರ್ ಆಗಲಿ, ಅರಗಾಗಲಿ, ಜೂನ್‌ನಿಂದ ಮಳೆ ಹಿಡಿದ ದಿನಗಳಲ್ಲಿ ಹಚ್ಚಬೇಡಿ. ಗಾಳಿಯ ತೇವ ಒಳಗೆ ಸಿಕ್ಕಿಕೊಂಡು ಬೆಳ್ಳಗೆ ಮಂಜು ಕವಿದ ಹಾಗೆ ಆಗುತ್ತೆ. ನೆಕ್ ಹಿಂಭಾಗಕ್ಕೆ ಎಣ್ಣೆ ಮಾತ್ರ ಉಜ್ಜಿ, ಹೆಬ್ಬೆರಳು ಅಂಟಲ್ಲ.

ಅಟ್ಟದ ಹಲಗೆ

ಎಲ್ಲ ಬರೆದಿಟ್ಟುಕೊಂಡೆ. ಅಯಸ್ಕಾಂತ ಆಡಿಸಿದೆ, ಎರಡು ಕಡೆ ಕಚ್ಚಿಕೊಂಡಿತು. ಒಂದು ಮೊಳೆ ಕಿತ್ತಾಯ್ತು, ಇನ್ನೊಂದಿರೋ ತುದಿಯನ್ನೇ ಕೊಯ್ದು ಬಿಡ್ತೀನಿ. ಬಾಡಿ ಹಲಸು, ಒಳಗೆ ಟೊಳ್ಳು, ಕೊಂಬು 12ನೇ ಫ್ರೆಟ್ ತನಕ. ನೆಕ್ ತೇಗದ ಮೂರು ಪಟ್ಟಿ, ದಪ್ಪ 22. ಫಿಂಗರ್‌ಬೋರ್ಡ್ ಮತ್ತಿ. ಬೀಟೆ ಎರಡನೇ ವಾದ್ಯಕ್ಕಿರಲಿ. ಪಿಕಪ್ ಈ ಸಲ ಕೊಂಡು ಹಾಕ್ತೀನಿ.

ಒಂದೇ ಅನುಮಾನ. ಬ್ರಿಡ್ಜ್ ಎಲ್ಲಿ ಕೂರಿಸಬೇಕು? 863.6ಕ್ಕೆ ಸರಿಯಾಗಿಯಾ?

ತಾಮ್ರದ ಎಳೆ

ಜಿ ತಂತಿಯ ಸ್ಯಾಡಲ್‌ನ (ಬ್ರಿಡ್ಜ್ ಮೇಲೆ ಒಂದೊಂದು ತಂತಿಯೂ ಕೂರೋ, ಹಿಂದೆ ಮುಂದೆ ಸರಿಸೋ ತುಂಡು) ಬಹುತೇಕ ಮುಂದಕ್ಕೆ ತಂದು ಅದು 863.6ಕ್ಕೆ ಬರೋ ಹಾಗೆ ಬ್ರಿಡ್ಜ್ ಇಡಿ. ಶ್ರುತಿ ಸರಿ ಮಾಡೋವಾಗ ಎಲ್ಲ ಸ್ಯಾಡಲ್‌ಗಳೂ ಹಿಂದಕ್ಕೇ ಹೋಗಬೇಕಾಗುತ್ತೆ, ದಪ್ಪ ಇ ತಂತಿ ಎಲ್ಲಕ್ಕಿಂತ ಹಿಂದಕ್ಕೆ. ನಡುವಲ್ಲಿಟ್ಟರೆ ಜಾಗ ಸಾಲದೆ ಸ್ಕ್ರೂ ಮುಗಿದುಹೋಗುತ್ತೆ. ಮತ್ತೆ, ನೆಕ್ ಬೋಲ್ಟ್ ಮಾಡಿ, ಎರಡೂ ಅಂಚಿನ ತಂತಿಗಳ ಜಾಗದಲ್ಲಿ ಹೊಲಿಗೆ ದಾರ ಎಳೆದು ನೋಡೋ ತನಕ ಬ್ರಿಡ್ಜ್‌ಗೆ ತೂತು ಹೊಡೆಯಬೇಡಿ.

ಉಳಿ ಬಾಚಿ

ನೆಕ್ ಕೂರೋ ಗುಳಿ ಬಿಗಿಯಾಗಿರ್ಲಿ ಅಣ್ಣ, ಆಳ 16 ಮಿ.ಮೀ. ಸಾಕು. ಬೋಲ್ಟ್ ಹಾಕ್ದೆ ಕೈಲಿ ಎತ್ತಿದ್ರೂ ಬಾಡಿ ಜೊತೇಲೇ ಎದ್ದು ಬರಬೇಕು. ಪಟ್ಟಿ ಸೀಳೋಕೆ ನಿನ್ ಹತ್ರ ಟೇಬಲ್ ಸಾ ಇಲ್ವಲ್ಲ, ತೇಗ ತಕೊಂಡ್ ಮಂಡ್ಯಕ್ ಬಾ. ಸೋಮವಾರ ಬ್ಯಾಡ, ಅವತ್ತು ಮಷಿನ್ ನಿಲ್ಲಿಸ್ತೀವಿ.